ದೊಡ್ಡಕ್ಕ ಬೆಳಗಿದ ನಾಣ್ಯಗಳು

ದೊಡ್ಡಕ್ಕ ಹಿತ್ತಲ ನಲ್ಲಿಯ ಕೆಳಗೆ ಮಣೆ ಹಾಕಿಕೊಂಡು ಕೂತು ಬೆಳಗುತ್ತಿದ್ದದ್ದು ಚಮಚಗಳನ್ನಲ್ಲ ಎಂದು ಹೊಲಿಗೆಯಮ್ಮನಿಗೆ ಗೊತ್ತಾಗುವ ಹೊತ್ತಿಗೆ ಮುಕ್ಕಾಲು ಪಾಲು ಕೆಲಸ ಮುಗಿದುಹೋಗಿತ್ತು.

ನಿಂಬೆಹಣ್ಣು ಕೊಟ್ಟವಳು ಅವಳೇ. ಬೆಳಕು ಹರಿಯುತ್ತಿದ್ದಂತೆ ದೊಡ್ಡಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತು, ಒಂದಿಷ್ಟು ನಿಂಬೆಹಣ್ಣು, ಒಂದು ಹಿಡಿ ಉಪ್ಪು, ಹಳೆಯ ಹಲ್ಲುಜ್ಜುವ ಬ್ರಷ್ಷು ಯಾವುದಾದರೂ ಇದ್ದರೆ ಕೊಡು ಎಂದಿದ್ದಳು. ಸಾವಿನ ಮನೆಯಲ್ಲಿ ಯಾರು ಏನು ಕೇಳಿದರೂ ಯಾತಕ್ಕೆ ಎಂದು ತಿರುಗಿ ಕೇಳುವ ತ್ರಾಣ ಯಾರಿಗಿರುತ್ತದೆ. ಬರುವ ಜನಕ್ಕೆ ಟೀ ಕೊಡಲು ಅಟ್ಟದಿಂದ ಇಳಿಸಿದ ಹಿತ್ತಾಳೆಯ ತಟ್ಟೆ, ಚಮಚಗಳಿಗಿರಬೇಕು ಎಂದುಕೊಂಡು ಅವಳು ತೆಗೆದುಕೊಟ್ಟಿದ್ದಳು. ಕೊಟ್ಟು, ಒಳಗೆ ಹೋಗಿ ಗಂಡನ ತಲೆಯ ಹತ್ತಿರ ಕೂತಿದ್ದಳು. ಹಿತ್ತಲಿನಿಂದ ಬರುತ್ತಿದ್ದ ಕರಕರ ಸದ್ದು ಅವಳಿಗೆ ಒಂದು ಬಗೆಯ ಸಮಾಧಾನವನ್ನೇ ಕೊಟ್ಟಿತ್ತು.

ಈಗ ನೋಡಿದರೆ ಬಿಳಿ ಟವೆಲ್ಲಿನ ಮೇಲೆ ಸಾಲಾಗಿ ಹರಡಿಕೊಂಡಿದ್ದವು ಅವಳ ಗಂಡನ ಹಳೆಯ ನಾಣ್ಯಗಳು. ನಿನ್ನೆಯವರೆಗೆ ಅವು ಪಾಚಿಯ ಬಣ್ಣದ್ದು, ಇದ್ದಲಿನ ಬಣ್ಣದ್ದು, ಸುಟ್ಟ ಇಟ್ಟಿಗೆಯ ಬಣ್ಣದ್ದು ಎಂದು ಒಂದೊಂದೂ ಒಂದೊಂದು ಥರ ಇದ್ದವು. ಈಗ ಅಂಗಡಿಯಿಂದ ಆಗ ತಾನೆ ತಂದ ಕೋಟಿನ ಗುಂಡಿಗಳ ಹಾಗೆ ಎಲ್ಲವೂ ಥಳಥಳ ಹೊಳೆಯುತ್ತಿದ್ದವು.

ಹಳೆಯ ನಾಣ್ಯವನ್ನು ಉಜ್ಜಬಾರದು. ಒಣಬಟ್ಟೆಯಿಂದಲೂ ಒರೆಸಬಾರದು. ಆ ಕಿಲುಬೇ ಅದರ ವಯಸ್ಸು, ಅದನ್ನು ಕಿತ್ತರೆ ನಾಣ್ಯ ಸತ್ತ ಹಾಗೆ. ಮದುವೆಯಾದಂದಿನಿಂದ ಈ ಮಾತನ್ನು ಕೇಳಿ ಕೇಳಿ ಅವಳ ಕಿವಿ ತೂತಾಗಿತ್ತು. ಇಡೀ ಮನೆಯ ಧೂಳು ಹೊಡೆಯುವ ಅವಳ ಕೈ ನಾಣ್ಯಗಳನ್ನಿಟ್ಟ ಚಪ್ಪಟೆ ಮರದ ಪೆಟ್ಟಿಗೆಯ ಮುಚ್ಚಳದ ಮೇಲೆ ನಿಂತುಬಿಡುತ್ತಿತ್ತು. ನಿನ್ನೆ ಸಂಜೆ, ಜನ ಬರುತ್ತಾರೆ, ಮಕ್ಕಳುಮರಿ ಕೈ ಹಾಕಿಯಾರು ಎಂದು ಆ ಪೆಟ್ಟಿಗೆಯನ್ನು ಮುಂದಿನ ಕೋಣೆಯಿಂದ ತೆಗೆದು ಅಡುಗೆಮನೆಯ ಕಟ್ಟೆಯ ಮೇಲೆ, ತೊಳೆಯುವ ಪಾತ್ರೆಗಳ ಪಕ್ಕಕ್ಕೆ ಇಟ್ಟವಳೂ ಅವಳೇ. ಜೋಪಾನವಾಗಿರಲಿ ಎಂದು.

"ಒಂದೊಂದೂ ಹೆಂಗೆ ಕಿಲುಬು ಹಿಡಿದಿತ್ತು ಅಂತೀಯ," ಎಂದಳು ದೊಡ್ಡಕ್ಕ, ತಲೆಯೆತ್ತದೆ. "ಇಷ್ಟು ವರ್ಷ ಮನೇಲಿಟ್ಕೊಂಡು ಒಬ್ರಿಗೂ ತೊಳೀಬೇಕು ಅನ್ನಿಸ್ಲಿಲ್ವಾ? ಬಂದೋರು ನೋಡಿದ್ರೆ ಏನಂದ್ಕೋತಾರೆ. ನನ್ನ ತಮ್ಮ ಗಲೀಜು ಮನುಷ್ಯ ಅಂದ್ಕೊಳಲ್ವಾ."

ಹೊಲಿಗೆಯಮ್ಮನ ಬಾಯಿಯ ತನಕ ಬಂದದ್ದು ಒಂದು ಕೂಗು. ಅದು ಹೊರಗೆ ಬರಲಿಲ್ಲ. ದೊಡ್ಡಕ್ಕನ ಬೆನ್ನು ಕಂಡಿತು. ಬಿಲ್ಲಿನ ಹಾಗೆ ಬಾಗಿದ್ದ ಆ ಬೆನ್ನು ಬ್ರಷ್ಷಿನ ಒಂದೊಂದು ಎಳೆತಕ್ಕೂ ಅಲುಗುತ್ತಿತ್ತು. ದೊಡ್ಡಕ್ಕ ಪಕ್ಕದ ಊರಿನಿಂದ ನಿನ್ನೆ ಬಂದು ಇಳಿದಾಗಿನಿಂದ ಅತ್ತಿರಲಿಲ್ಲ. ಕಣ್ಣಿನ ಆಪರೇಷನ್ ಆಗಿ ತಿಂಗಳುಗಟ್ಟಲೆ ಮನೆ ಬಿಟ್ಟು ಹೊರಡಬಾರದು ಎಂದಿದ್ದರಿಂದ ತಮ್ಮನ ಕಾಯಿಲೆಯಲ್ಲಿ ಒಂದು ಸಲವೂ ಬರಲಾಗಿರಲಿಲ್ಲ. ಬಂದವಳು ತಮ್ಮನ ಪಕ್ಕದಲ್ಲಿ ಕೂತು, ಅವನ ಅಂಗಿಯ ತೋಳಿನ ಸುಕ್ಕನ್ನು ಸರಿಮಾಡಿ, ನನಗೇನಾದರೂ ಕೆಲಸ ಕೊಡು ಎಂದು ಕೇಳಿದ್ದಳು. ಏನೂ ಬೇಡ, ಮಲಗಿ ಅಕ್ಕ ಎಂದಿದ್ದಳು ಹೊಲಿಗೆಯಮ್ಮ. ಕೆಲಸ ಕೇಳಿದವಳಿಗೆ ಕೆಲಸ ಕೊಡಬೇಕಾಗಿತ್ತು.

"ಹೆಂಗಿದೆ?" ದೊಡ್ಡಕ್ಕ ಒಂದನ್ನು ಬಿಸಿಲಿಗೆ ಹಿಡಿದು ತೋರಿಸಿದಳು.

"ಚೆನ್ನಾಗಿದೆ ಅಕ್ಕ," ಎಂದಳು ಹೊಲಿಗೆಯಮ್ಮ. ಹೇಳಿ, ಒಗೆಯುವ ಕಲ್ಲಿನ ಮೇಲೆ ಕೂತು, ಟವೆಲ್ಲಿನ ಒಂದು ಮೂಲೆಯಿಂದ ಒಂದೊಂದೇ ನಾಣ್ಯವನ್ನು ಅಂಚು ಹಿಡಿದು ಒರೆಸತೊಡಗಿದಳು.

*

ಆ ಪೆಟ್ಟಿಗೆಗೆ ಮೊದಲು ಬಂದ ನಾಣ್ಯ ಒಂದು ತಕ್ಕಡಿಯ ಹೊಟ್ಟೆಗೆ ಅಂಟಿಕೊಂಡಿತ್ತು.

ಆಗ ಅವರ ಮದುವೆ ಇನ್ನೂ ಹೊಸತು. ಮಾರುಕಟ್ಟೆಯವರೆಲ್ಲ ಮುಂದೆ 'ತಕ್ಕಡಿ ಮೇಷ್ಟ್ರು' ಎಂದು ಕರೆದ ಮನುಷ್ಯ ಆಗ ಬರಿಯ ತಕ್ಕಡಿ ರಿಪೇರಿಯ ಹುಡುಗ. ಚರ್ಮದ ಚೀಲದಲ್ಲಿ ಅರ, ಚಿಮುಟ, ಸೀಸದ ತುಂಡು, ಮಾದರಿ ತೂಕಗಳನ್ನು ಹಾಕಿಕೊಂಡು ಅಂಗಡಿಯಿಂದ ಅಂಗಡಿಗೆ ತಿರುಗುತ್ತಿದ್ದ. ಒಂದು ದಿನ ಕಾಳಿನ ಅಂಗಡಿಯ ಹಳೆಯ ತಕ್ಕಡಿಯನ್ನು ಬೋರಲು ಹಾಕಿ ನೋಡಿದರೆ, ಒಂದು ತಟ್ಟೆಯ ತಳದಲ್ಲಿ ಅರಗಿನ ದಪ್ಪ ಉಂಡೆ. ತಟ್ಟೆಯ ತಳಕ್ಕೆ ಏನಾದರೂ ಅಂಟಿಸಿದ್ದಾರೆ ಎಂದರೆ ಮೋಸ ಎಂದೇ ಅರ್ಥ. ಅಂಗಡಿಯವನ ಮುಖ ಸುಣ್ಣವಾಯಿತು. ಅಜ್ಜನ ಕಾಲದಿಂದ ಇದೆ, ತಾನು ಅದನ್ನು ಮುಟ್ಟಿಯೂ ನೋಡಿಲ್ಲ ಎಂದು ಅವನು ತೊದಲಿದ.

ಹುಡುಗ ಏನೂ ಹೇಳದೆ ಅರಗನ್ನು ಬಿಡಿಸಿದ. ಒಳಗೆ ನಾಣ್ಯ. ಅದನ್ನು ಪಕ್ಕಕ್ಕಿಟ್ಟು ತಕ್ಕಡಿಯನ್ನು ಎತ್ತಿ ಹಿಡಿದ. ಬರಿದಾದ ತಟ್ಟೆ ಮೇಲಕ್ಕೆ ಹೋಯಿತು. ನಾಣ್ಯವನ್ನು ಅದೇ ತಟ್ಟೆಗೆ ಹಾಕಿದ. ಎರಡೂ ತಟ್ಟೆ ಸಮಸಮ ನಿಂತವು.

"ನಿಮ್ಮಜ್ಜ ಮೋಸ ಮಾಡಿಲ್ಲ," ಎಂದ. "ಈ ತಟ್ಟೆ ಸವೆದು ಹಗುರ ಆಗಿದೆ. ಅದನ್ನ ಸರಿದೂಗಿಸೋಕೆ ಕೈಗೆ ಸಿಕ್ಕಿದ್ದನ್ನ ಅಂಟಿಸಿದಾರೆ. ಈ ಬೀದೀಲಿ ಇಷ್ಟು ಪ್ರಾಮಾಣಿಕ ತಕ್ಕಡಿ ನಾನು ಇನ್ನೊಂದು ನೋಡಿಲ್ಲ."

ಅಂಗಡಿಯವನಿಗೆ ಹೋದ ಜೀವ ಬಂದಂತಾಯಿತು. ನಾಣ್ಯದ ಜಾಗಕ್ಕೆ ಅಷ್ಟೇ ತೂಕದ ಸೀಸ ಕೂರಿಸಿ, ಕೂಲಿ ಎಷ್ಟು ಎಂದು ಕೇಳಿದರೆ ಹುಡುಗ ಆ ನಾಣ್ಯ ಸಾಕು ಎಂದ.

ಸಂಜೆಗೆ ದಿನಸಿ ತರುತ್ತೇನೆ ಎಂದು ಹೋದ ಗಂಡ ಹೀಗೆ ಒಂದು ಕಪ್ಪು ಬಿಲ್ಲೆ ಹಿಡಿದುಕೊಂಡು ಬಂದಾಗ ಹೊಲಿಗೆಯಮ್ಮ ಖಾಲಿ ಪಾತ್ರೆಯನ್ನು ಒಲೆಯ ಮೇಲಿಟ್ಟು, "ಇದು ಬೇಯೋಕೆ ಎಷ್ಟು ಹೊತ್ತು ಬೇಕು?" ಎಂದು ಕೇಳಿದ್ದಳು. ಅವನು ಬಿದ್ದು ಬಿದ್ದು ನಕ್ಕಿದ್ದ. ಆಮೇಲೆ ಅವಳನ್ನು ಕಿಟಕಿಯ ಹತ್ತಿರ ಕೂರಿಸಿ, ಬೆರಳಿನ ತುದಿಯಲ್ಲಿ ಅಂಚು ಮಾತ್ರ ಹಿಡಿದುಕೊಳ್ಳುವುದು ಹೇಗೆಂದು ಹೇಳಿಕೊಟ್ಟು, ನಾಣ್ಯವನ್ನು ಅವಳ ಕೈಗೆ ಕೊಟ್ಟ. ಒಂದು ಕಡೆ ಯಾವುದೋ ಪ್ರಾಣಿಯ ಹಿಂಗಾಲು, ಬಾಲ ಕಾಣುತ್ತಿತ್ತು. ಇನ್ನೊಂದು ಕಡೆ ಬರಿಯ ಹಸಿರುಗಪ್ಪು ಹಕ್ಕಳೆ.

"ಸಾವಿರಾರು ವರ್ಷದ ಹಿಂದೆ ಯಾರೋ ಇದನ್ನ ಕೊಟ್ಟು ಏನೋ ತಗೊಂಡಿದಾನೆ ಕಣೇ. ಏನು ತಗೊಂಡಿರ್ತಾನೆ?"

ಮನೆಯಲ್ಲಿ ಆವತ್ತು ಉಪ್ಪು ಮುಗಿದಿತ್ತು. "ಉಪ್ಪು," ಎಂದಳು ಅವಳು. "ಇಲ್ಲ, ಅವನೂ ನಿಮ್ಮ ಥರದವನೇ ಆಗಿದ್ರೆ ಏನೂ ತಗೊಂಡಿರಲ್ಲ. ಕೊಟ್ಟು ಬರಿಗೈಲಿ ಮನೆಗೆ ಹೋಗಿರ್ತಾನೆ."

ಆ ಸಂಜೆ ಇಬ್ಬರೂ ಪಕ್ಕದ ಮನೆಯಿಂದ ಕಡ ತಂದು ಉಂಡರು. ಅಂದಿನಿಂದ ಮಾರುಕಟ್ಟೆಯಲ್ಲಿ ಯಾರ ಗಲ್ಲಾಪೆಟ್ಟಿಗೆಯ ಮೂಲೆಯಲ್ಲಿ, ಯಾರ ಗುಜರಿಯ ರಾಶಿಯಲ್ಲಿ ಹಳೆಯ ಬಿಲ್ಲೆ ಕಂಡರೂ ಅದು ತಕ್ಕಡಿ ಮೇಷ್ಟ್ರಿಗೆ ಎಂದಾಯಿತು. ಪೆಟ್ಟಿಗೆ ಬಂತು. ಹೊಲಿಗೆಯಮ್ಮ ಅಂಗಿ ಹೊಲಿದು ಉಳಿದ ಮೆತ್ತನೆಯ ಬಟ್ಟೆಯಲ್ಲಿ ಒಂದೊಂದು ನಾಣ್ಯಕ್ಕೂ ಒಂದೊಂದು ಪುಟ್ಟ ಚೀಲ ಹೊಲಿದುಕೊಟ್ಟಳು. ಪ್ರತಿ ಹೊಸ ನಾಣ್ಯಕ್ಕೂ ಅದೇ ಪ್ರಶ್ನೆ. ಚಪ್ಪಲಿ ತಗೊಂಡಿರಬಹುದು ಎಂದು ಇವಳು, ಅಲ್ಲ, ದೋಣಿಯವನಿಗೆ ಕೊಟ್ಟಿರಬಹುದು ಎಂದು ಅವನು. ಊಟ ಆರಿ ತಣ್ಣಗಾಗುತ್ತಿತ್ತು.

*

ಹೊತ್ತು ಏರುತ್ತಿದ್ದಂತೆ ಮುಂದಿನ ಕೋಣೆ ತುಂಬಿತು. ಬಂದವರೆಲ್ಲ ಮಾರುಕಟ್ಟೆಯವರೇ. ಕೂತಲ್ಲಿ ಕೂರಲಾರದೆ, ಮೆಲ್ಲಗೆ ಮಾತಾಡಿ ಅಭ್ಯಾಸವಿಲ್ಲದೆ, ಗೋಡೆಗೆ ಒರಗಿ ನಿಂತಿದ್ದರು. ಮೀನು ಮಾರುವವಳು ಬಾಗಿಲ ಹತ್ತಿರ ಕಣ್ಣೊರೆಸಿಕೊಳ್ಳುತ್ತಾ ಹೇಳಿದಳು:

"ಮೇಷ್ಟ್ರು ಬೀದಿ ತುದೀಲಿ ಕಾಣಿಸಿದ್ರೆ ಸಾಕು, ನನ್ನ ಹೆಬ್ಬೆರಳು ತಾನಾಗೇ ತಟ್ಟೆಯಿಂದ ಇಳಿದುಬಿಡೋದು."

"ನಿನ್ನ ಹೆಬ್ಬೆರಳನ್ನೇ ಒಂದ್ಸಲ ತೂಗಿದ್ರಂತಲ್ಲ," ಎಂದ ಹಣ್ಣಿನಂಗಡಿಯವನು.

"ತೂಗಿದ್ರು. ತೂಗಿ, ಇದಕ್ಕೂ ದುಡ್ಡು ಕೊಟ್ಟಿದೀನಿ, ಕತ್ತರಿಸಿ ಚೀಲಕ್ಕೆ ಹಾಕು ಅಂದ್ರು."

ನಗು ಕೋಣೆಯ ತುಂಬ ಹಬ್ಬಿತು. ಆಮೇಲೆ ಎಲ್ಲರಿಗೂ ಒಟ್ಟಿಗೆ ನೆನಪಾಗಿ, ನಡುವೆ ಮಲಗಿದ್ದವರ ಕಡೆ ನೋಡಿ ಸುಮ್ಮನಾದರು.

ಹೊಲಿಗೆಯಮ್ಮನಿಗೆ ನಗು ಬರಲಿಲ್ಲ. ಯಾಕೆಂದರೆ ದೊಡ್ಡಕ್ಕ ಆ ಹೊಳೆಯುವ ನಾಣ್ಯಗಳನ್ನೆಲ್ಲ ಹಿತ್ತಾಳೆಯ ತಟ್ಟೆಯಲ್ಲಿ ಚೆಂದವಾಗಿ ಜೋಡಿಸಿ, ತಂದು, ತಮ್ಮನ ತಲೆಯ ಪಕ್ಕದ ಸ್ಟೂಲಿನ ಮೇಲೆ ಇಟ್ಟಿದ್ದಳು. ಬಂದವರೆಲ್ಲ ನೋಡಲಿ ಎಂದು. ಬಂದವರು ನೋಡಿ, ಚೆನ್ನಾಗಿಟ್ಟಿದ್ದರು ಎನ್ನುತ್ತಿದ್ದರು. ಹಾಗೆಂದಾಗಲೆಲ್ಲ ದೊಡ್ಡಕ್ಕನ ಮುಖದಲ್ಲಿ ಒಂದು ಗೆರೆ ಸಡಿಲವಾಗುತ್ತಿತ್ತು.

ಮಗಳು ಬಂದಳು. ನಗರದ ಬಸ್ಸು ಓಡಿಸುವ ಅವಳು ಸಾಮಾನು ತರಲು ಪೇಟೆಗೆ ಹೋಗಿದ್ದವಳು, ಒಳಗೆ ಕಾಲಿಟ್ಟವಳೇ ತಟ್ಟೆಯನ್ನು ನೋಡಿ ಕಲ್ಲಿನಂತೆ ನಿಂತಳು. ಅವಳು ಬಾಯಿ ತೆರೆಯುವುದರೊಳಗೆ ಹೊಲಿಗೆಯಮ್ಮ ಅವಳ ಮಣಿಕಟ್ಟು ಹಿಡಿದು ಹೊಲಿಗೆ ಯಂತ್ರದ ಕೋಣೆಗೆ ಎಳೆದುಕೊಂಡು ಹೋದಳು.

"ಅಪ್ಪ ನನ್ನ ಕೈಗೆ ಒಂದು ದಿನಾನೂ ಕೊಟ್ಟಿಲ್ಲ ಇವನ್ನ," ಎಂದಳು ಮಗಳು. ಸಿಟ್ಟು, ಅಳು ಎರಡೂ ಒಟ್ಟಿಗೆ ಬಂದಿದ್ದವು. "ಯಾರಾದ್ರೂ ಹೇಳ್ಬೇಕಲ್ಲಮ್ಮ ಅತ್ತೆಗೆ."

"ಹೇಳಿದ್ರೆ ಕಿಲುಬು ವಾಪಸ್ ಬರುತ್ತಾ?"

ಹೊಲಿಗೆಯಮ್ಮ ಯಂತ್ರದ ಮೇಲಿನ ನೂಲಿನ ಎಳೆಗಳನ್ನು ಬೆರಳಿಗೆ ಸುತ್ತುತ್ತಾ, ಮಗಳಿಗೆ ಗೊತ್ತಿದ್ದದ್ದನ್ನೇ ಮತ್ತೆ ಹೇಳಿದಳು. ನಿಮ್ಮಪ್ಪನಿಗೆ ತಾಯಿಯ ಮುಖ ನೆನಪಿರಲಿಲ್ಲ. ಆ ಕೂಸನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಈ ಅಕ್ಕ ಆಡುವ ವಯಸ್ಸು ಕಳೆದಳು. ಅವನಿಗೆ ಸ್ನಾನ ಮಾಡಿಸಿದ್ದು, ಉಣ್ಣಿಸಿದ್ದು, ಮೊದಲ ಅರ ಕೊಡಿಸಿದ್ದು ಎಲ್ಲ ಇವಳೇ. ತಮ್ಮನಿಗೆ ಕೊನೆಯದಾಗಿ ಮಾಡಿದ ಕೆಲಸವೇ ತಮ್ಮನ ಜೀವಮಾನದ ಗಳಿಕೆಯನ್ನು ಹಾಳುಮಾಡಿತು ಎಂದು ಇವಳಿಗೆ ಗೊತ್ತಾದರೆ, ಈ ವಯಸ್ಸಿನಲ್ಲಿ ಅದನ್ನು ಎಲ್ಲಿ ಇಟ್ಟುಕೊಳ್ಳುತ್ತಾಳೆ.

"ನಾನೂ ಹೊಟ್ಟೆಗೆ ಹಾಕ್ಕೊಂಡಿದೀನಿ, ನೀನೂ ಹಾಕ್ಕೋ," ಎಂದಳು.

ಮಗಳು ಮೂಗು ಒರೆಸಿಕೊಂಡಳು. "ನಾನೇನೋ ಹಾಕ್ಕೋತೀನಿ. ಭೂತಗನ್ನಡಿ ಬರ್ತಾರಲ್ಲಮ್ಮ."

ಅದೇ ಹೊಲಿಗೆಯಮ್ಮನ ಭಯವೂ ಆಗಿತ್ತು.

*

ಭೂತಗನ್ನಡಿ ಎಂದರೆ ಮೇಷ್ಟ್ರ ಒಬ್ಬನೇ ಒಬ್ಬ ಆಪ್ತ ಗೆಳೆಯ. ಅಚ್ಚುಕೂಟವೊಂದರಲ್ಲಿ ಕರಡು ತಿದ್ದಿ ತಿದ್ದಿ ಕಣ್ಣು ಚೂಪಾದ ಮನುಷ್ಯ. ಹಳೆಯ ನಾಣ್ಯಗಳ ವಿಷಯ ತಿಳಿದವರು ಎಂದು ಯಾರೋ ಹೇಳಿದ್ದಕ್ಕೆ ಮೇಷ್ಟ್ರು ತಮ್ಮ ಮೊದಲ ನಾಣ್ಯವನ್ನು ಹಿಡಿದುಕೊಂಡು ಅವರಲ್ಲಿಗೆ ಹೋಗಿ, ಈ ಹಕ್ಕಳೆಯ ಕಡೆಯನ್ನು ಸ್ವಲ್ಪ ಉಜ್ಜಿದರೆ ಒಳಗೇನಿದೆ ಗೊತ್ತಾಗುತ್ತಲ್ಲವೇ ಎಂದು ಮುಗ್ಧವಾಗಿ ಕೇಳಿದ್ದರು. ಅಚ್ಚುಕೂಟದವರೆಲ್ಲ ಯಂತ್ರ ನಿಲ್ಲಿಸಿ ತಿರುಗಿ ನೋಡುವಂತೆ ಬೈಸಿಕೊಂಡಿದ್ದರು. ಬೈಗುಳದಿಂದ ಶುರುವಾದ ಸ್ನೇಹ ಅದು, ಬೈಗುಳದಲ್ಲೇ ಬೆಳೆಯಿತು.

ಪ್ರತಿ ಭಾನುವಾರ ಇಬ್ಬರೂ ಕಿಟಕಿಯ ಬಳಿ ಕೂತು ಆ ಕಾಣದ ಕಡೆಯ ಮೇಲೆ ಜಗಳವಾಡುತ್ತಿದ್ದರು. ಅಲ್ಲಿರುವುದು ರಾಜನ ಮುಖ, ಬೇರೇನೂ ಇರಲು ಸಾಧ್ಯವೇ ಇಲ್ಲ ಎಂದು ಭೂತಗನ್ನಡಿ. ಅಲ್ಲ, ಈ ಕಡೆ ಪ್ರಾಣಿಯ ಹಿಂದಿನ ಅರ್ಧ ಇದೆ, ಜಾಗ ಸಾಲದೆ ಮುಂದಿನ ಅರ್ಧವನ್ನು ಆ ಕಡೆಗೆ ಹಾಕಿದ್ದಾರೆ ಎಂದು ಮೇಷ್ಟ್ರು. ಮೇಷ್ಟ್ರು ಆ ಮಾತನ್ನು ನಿಜಕ್ಕೂ ನಂಬಿದ್ದರೋ, ಗೆಳೆಯನ ಮೂಗಿನ ತುದಿ ಕೆಂಪಾಗುವುದನ್ನು ನೋಡಲು ಹೇಳುತ್ತಿದ್ದರೋ, ಹೊಲಿಗೆಯಮ್ಮನಿಗೆ ಕಡೆಯವರೆಗೂ ಗೊತ್ತಾಗಲಿಲ್ಲ. ಯಾರಾದರೂ ತಜ್ಞರಿಗೆ ಕೊಟ್ಟು ಆ ಹಕ್ಕಳೆ ತೆಗೆಸಬಹುದಲ್ಲ ಎಂದು ಅವಳೊಮ್ಮೆ ಕೇಳಿದ್ದಕ್ಕೆ, ಆಮೇಲೆ ಇವರು ಭಾನುವಾರ ಬರುವುದಿಲ್ಲ ಕಣೇ ಎಂದಿದ್ದರು.

ಇಂಥ ಭೂತಗನ್ನಡಿಗೆ ಸುಳ್ಳು ಬರುತ್ತಿರಲಿಲ್ಲ. ಮಗಳ ಮದುವೆಯಲ್ಲಿ ಬೀಗರ ಎದುರೇ ಕರೆಯೋಲೆಯ ತಪ್ಪುಗಳನ್ನು ಓದಿ ಹೇಳಿದವರು ಅವರು. ಮೇಷ್ಟ್ರ ಕಾಯಿಲೆಯ ಕೊನೆಗೆ, ಬಂದವರೆಲ್ಲ ಇನ್ನೇನು ಎದ್ದು ಓಡಾಡುತ್ತೀರಿ ಎಂದು ಹೇಳಿ ಹೋಗುತ್ತಿದ್ದಾಗ, ಇವರೊಬ್ಬರು ಮಂಚದ ಅಂಚಿನಲ್ಲಿ ಕೂತು, "ಈ ಸಲ ಏಳೋದು ಕಷ್ಟ ಕಣಯ್ಯಾ," ಎಂದುಬಿಟ್ಟಿದ್ದರು. ಹೊಲಿಗೆಯಮ್ಮನಿಗೆ ಅವರನ್ನು ಹೊರಗೆ ದಬ್ಬುವಷ್ಟು ಸಿಟ್ಟು ಬಂದಿತ್ತು. ಆದರೆ ಮೇಷ್ಟ್ರು ಗೆಳೆಯನ ಕೈ ಹಿಡಿದುಕೊಂಡು, ಅಬ್ಬಾ, ಒಬ್ಬನಾದರೂ ಹೇಳಿದನಲ್ಲ ಎನ್ನುವಂತೆ ನಕ್ಕಿದ್ದರು. ಅಂದು ಮಧ್ಯಾಹ್ನ ಬಹಳ ದಿನಗಳ ಮೇಲೆ ನೆಮ್ಮದಿಯಾಗಿ ನಿದ್ದೆ ಮಾಡಿದ್ದರು.

*

ಭೂತಗನ್ನಡಿ ಬೀದಿಯ ತಿರುವಿನಲ್ಲಿ ಕಾಣಿಸಿದ ಕೂಡಲೇ ಹೊಲಿಗೆಯಮ್ಮ ಚಪ್ಪಲಿಯನ್ನೂ ಮೆಟ್ಟದೆ ಗೇಟಿನ ಹೊರಗೆ ಹೋಗಿ ನಿಂತಳು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ತಲೆ ಬಗ್ಗಿಸಿ, ಪ್ರತಿ ಭಾನುವಾರ ಬರುವ ನಡಿಗೆಯಲ್ಲೇ ಬರುತ್ತಿದ್ದರು. ಅವಳು ಅಲ್ಲೇ ತಡೆದು, ಸುತ್ತುಬಳಸದೆ ಎಲ್ಲವನ್ನೂ ಹೇಳಿದಳು. ಪೆಟ್ಟಿಗೆಯನ್ನು ಎಲ್ಲಿಟ್ಟಿದ್ದೆ, ನಿಂಬೆಹಣ್ಣು ಯಾರು ಕೊಟ್ಟದ್ದು, ಎಲ್ಲವನ್ನೂ.

ಅವರು ಗೇಟಿನ ಕಂಬವನ್ನು ಹಿಡಿದುಕೊಂಡರು. "ಎಲ್ಲಾನೂ?"

"ಎಲ್ಲಾನೂ."

"ಮೊದಲನೇದು?"

"ಅದೂ."

ಅವರು ಗೇಟು ದಾಟಿ ಜಗಲಿಯ ಮೆಟ್ಟಿಲ ಮೇಲೆ ಕೂತುಬಿಟ್ಟರು. ಗೆಳೆಯ ಹೋದ ಸುದ್ದಿಯನ್ನು ನಿಂತೇ ಕೇಳಿಸಿಕೊಂಡಿದ್ದ ಮನುಷ್ಯ. ಹೊಲಿಗೆಯಮ್ಮ ಪಕ್ಕದಲ್ಲಿ ನಿಂತು, ದೊಡ್ಡಕ್ಕನಿಗೆ ಇದು ತಿಳಿಯಬಾರದು ಎಂದಳು.

"ನನಗೆ ಸುಳ್ಳು ಹೇಳೋಕೆ ಬರಲ್ಲ ಅತ್ತಿಗೆ."

"ಸುಳ್ಳು ಹೇಳಿ ಅಂತ ನಾನಂದ್ನಾ? ಬಾಯಿ ಮುಚ್ಕೊಂಡಿರಿ ಅಂದೆ."

"ಅದೂ ಬರಲ್ಲ," ಎಂದರು ಅವರು, ದೈನ್ಯದಿಂದ.

"ಗೊತ್ತು," ಎಂದಳು ಹೊಲಿಗೆಯಮ್ಮ. ಇಷ್ಟು ವರ್ಷ ಭಾನುವಾರದ ಟೀ ಕೊಟ್ಟವಳಿಗೆ ಗೊತ್ತಿರದೆ ಇರುತ್ತದೆಯೇ. "ಇವತ್ತೊಂದು ದಿನ ಕಲೀರಿ."

ಒಳಗೆ ಹೋದಾಗ ದೊಡ್ಡಕ್ಕ ಅವರಿಗಾಗಿಯೇ ಕಾಯುತ್ತಿದ್ದಳು. ಅವರು ಗೆಳೆಯನ ಮುಖವನ್ನು ನೋಡುತ್ತಾ ನಿಂತದ್ದು ಮುಗಿಯುವವರೆಗೆ ತಡೆದಿದ್ದು, ಆಮೇಲೆ ತಟ್ಟೆಯಿದ್ದ ಸ್ಟೂಲನ್ನು ಅವರ ಕಡೆಗೆ ಸರಿಸಿದಳು.

"ನೀವೇ ಅಲ್ವಾ ಇವನ ಜೊತೆ ಜಗಳ ಆಡ್ತಿದ್ದೋರು. ಕೂತ್ಕೊಳ್ಳಿ. ನೋಡಿ ಹೇಳಿ, ಹೆಂಗಾಗಿದೆ?"

ಭೂತಗನ್ನಡಿ ಕೂತರು. ತಟ್ಟೆಯಿಂದ ಒಂದು ಸಣ್ಣ ಬೆಳ್ಳಿ ನಾಣ್ಯವನ್ನು ಅಂಚು ಹಿಡಿದು ಎತ್ತಿದರು. ಆ ನಾಣ್ಯದ ಮೇಲೊಂದು ಮುಖವಿತ್ತು, ಅದರ ಮೂಗು ಎಷ್ಟು ಚೂಪು ಎಂದು ಮೇಷ್ಟ್ರು ಮಗಳಿಗೆ ತೋರಿಸಿ ನಗಿಸುತ್ತಿದ್ದರು. ಈಗ ಮೂಗಿನ ಜಾಗದಲ್ಲಿ ಬ್ರಷ್ಷಿನ ಗೀರುಗಳು. ನಾಣ್ಯವನ್ನು ಮತ್ತೆ ತಟ್ಟೆಯಲ್ಲಿಟ್ಟಾಗ ಅದು ಸದ್ದು ಮಾಡಿತು. ಇನ್ನೊಂದನ್ನು ಎತ್ತಲಿಲ್ಲ.

ದೊಡ್ಡಕ್ಕ ಅವರನ್ನು ನೋಡಿದಳು. ಹೊಲಿಗೆಯಮ್ಮನನ್ನು ನೋಡಿದಳು. ಗೋಡೆಯ ಕಡೆ ಮುಖ ತಿರುಗಿಸಿ ನಿಂತ ಮಗಳನ್ನು ನೋಡಿದಳು.

"ಬೆಳಗ್ಗೆಯಿಂದ ನೋಡ್ತಿದೀನಿ," ಎಂದಳು. ದನಿ ಸಣ್ಣದಾಗಿತ್ತು. "ಇವಳು ನನ್ನ ಹತ್ರ ಮಾತೇ ಆಡ್ತಿಲ್ಲ. ಮಗು ಕಣ್ಣು ತಪ್ಪಿಸ್ತಿದೆ. ನೀವಾದ್ರೆ ಇದ್ದದ್ದು ಇದ್ದ ಹಾಗೆ ಹೇಳೋರು ಅಂತ ನನ್ನ ತಮ್ಮ ಹೇಳ್ತಿದ್ದ. ನಾನೇನಾದ್ರೂ ಮಾಡಬಾರದ್ದು ಮಾಡಿದ್ನಾ?"

ಮಾರುಕಟ್ಟೆಯವರಿಗೆ ಏನೂ ಅರ್ಥವಾಗಲಿಲ್ಲ. ಆಡಿದ ಮಾತು, ಒಡೆದ ಮುತ್ತು ಎರಡೂ ತಿರುಗಿ ಬರುವುದಿಲ್ಲ ಎನ್ನುವಂತೆ ಹೊಲಿಗೆಯಮ್ಮ ಭೂತಗನ್ನಡಿಯ ಕಡೆ ನೋಡಿದಳು. ಅವರು ಅವಳ ಕಡೆ ನೋಡಲಿಲ್ಲ. ತಟ್ಟೆಯ ಮೇಲೆ ಬೆರಳಾಡಿಸುತ್ತಾ ಹೋಗಿ ಒಂದು ನಾಣ್ಯದ ಮೇಲೆ ನಿಲ್ಲಿಸಿದರು. ಹಿಂಗಾಲು, ಬಾಲ. ಮೊದಲ ನಾಣ್ಯ. ಅದನ್ನು ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದು ಮಗುಚಿದರು. ಬಹಳ ಹೊತ್ತು ನೋಡಿದರು. ಕರಡಿನ ಹಾಳೆಯನ್ನು ನೋಡುವಾಗ ಅವರ ತುಟಿ ಅಲುಗುತ್ತಿತ್ತಂತೆ. ಈಗಲೂ ಅಲುಗಿತು.

"ಈ ಕಡೆ ಏನಿದೆ ಅಂತ ನಾವಿಬ್ರೂ ಇಡೀ ಜೀವಮಾನ ಜಗಳ ಆಡಿದ್ವಿ," ಎಂದರು. "ನಾನು ರಾಜ ಅಂದೆ. ಇವನು ಪ್ರಾಣಿಯ ಮುಂದಿನ ಅರ್ಧ ಅಂದ." ನಾಣ್ಯವನ್ನು ಇನ್ನೊಮ್ಮೆ ಬೆಳಕಿಗೆ ಹಿಡಿದರು. "ಇಬ್ಬರದೂ ತಪ್ಪು."

"ಹೆಂಗಸು ಅಲ್ವಾ ಅದು," ಎಂದಳು ದೊಡ್ಡಕ್ಕ.

"ಹೆಂಗಸು."

"ಉಜ್ಜೋವಾಗ್ಲೇ ಗೊತ್ತಾಯ್ತು ನನಗೆ. ಕಣ್ಣಿಗೆ ಸರಿಯಾಗಿ ಕಾಣಲ್ಲ. ಹೆಬ್ಬೆರಳಿಗೆ ತುರುಬು ಸಿಕ್ತು."

"ನೀವು ಉಜ್ಜದೇ ಇದ್ದಿದ್ರೆ ನಾನು ಇವಳನ್ನ ನೋಡದೇ ಸಾಯ್ತಿದ್ದೆ," ಎಂದರು ಭೂತಗನ್ನಡಿ. "ಇದು ನಿಜ."

ಅದು ನಿಜವೇ ಆಗಿತ್ತು. ಉಳಿದ ನಿಜವನ್ನು ಅವರು ತುಟಿ ಬಿಗಿದು ಒಳಗೇ ಹಿಡಿದಿದ್ದಾರೆಂದು, ಅವರ ಕುತ್ತಿಗೆಯ ನರ ಉಬ್ಬಿದ್ದನ್ನು ನೋಡಿ ಹೊಲಿಗೆಯಮ್ಮನಿಗೆ ಗೊತ್ತಾಯಿತು. ದೊಡ್ಡಕ್ಕನಿಗೆ ಎಷ್ಟು ಗೊತ್ತಾಯಿತೋ. ಅವಳು ಅವರ ಮುಖವನ್ನೇ ನೋಡುತ್ತಾ ಕೂತಿದ್ದು, ಕೊನೆಗೆ ಕೈ ಚಾಚಿ ನಾಣ್ಯವನ್ನು ಇಸಿದುಕೊಂಡಳು.

"ಇವನು ನೋಡದೇ ಹೋದ," ಎಂದಳು.

ಮಂಡಿಯೂರಿ ತಮ್ಮನ ಹತ್ತಿರ ಸರಿದಳು. ಕೂಸಿಗೆ ಹಕ್ಕಿ ತೋರಿಸುವ ಹಾಗೆ ಆ ನಾಣ್ಯವನ್ನು ಅವನ ಮುಚ್ಚಿದ ಕಣ್ಣುಗಳ ಮುಂದೆ ಹಿಡಿದಳು. ಸರಿಯಾಗಿ ಕಾಣಲಿ ಎಂದು ಬೆಳಕಿನ ಕಡೆಗೆ ಸ್ವಲ್ಪ ವಾಲಿಸಿದಳು. "ನೋಡೋ. ತುರುಬು ನೋಡು. ಮೂಗು ನೋಡು. ಎಷ್ಟು ಲಕ್ಷಣವಾಗಿದಾಳೆ." ಆಮೇಲೆ ಅವನ ಅಂಗಿಯ ಜೇಬನ್ನು ಬೆರಳಿನಿಂದ ಬಿಡಿಸಿ, ನಾಣ್ಯವನ್ನು ಅದರೊಳಗೆ ಜಾರಿಸಿದಳು. "ಇವಳೂ ಇರ್ಲಿ ಜೊತೆಗೆ."

ಭೂತಗನ್ನಡಿ ಕಣ್ಣು ಮುಚ್ಚಿಕೊಂಡರು.

ಆ ಅಂಗಿಯನ್ನು ಹೊಲಿದವಳು ಹೊಲಿಗೆಯಮ್ಮ. ಆ ಜೇಬಿನ ಹೊಲಿಗೆಯನ್ನು ಎರಡು ಸಲ ಬಿಚ್ಚಿ ಮತ್ತೆ ಹಾಕಿದ್ದಳು. ಏನು ಹೇಳುತ್ತಿದ್ದೇನೆಂದು ಅವಳಿಗೆ ತಿಳಿಯುವ ಮೊದಲೇ ಮಾತು ಬಂದುಬಿಟ್ಟಿತು.

"ನಾನಿಲ್ಲಿ ಬದುಕಿರುವಾಗ್ಲೇ ಇನ್ನೊಬ್ಬಳನ್ನ ಜೊತೆ ಮಾಡಿ ಕಳಿಸ್ತೀರಲ್ಲ ಅಕ್ಕ, ಇದ್ಯಾವ ನ್ಯಾಯ."

ದೊಡ್ಡಕ್ಕ ತಿರುಗಿ ನೋಡಿದಳು. "ಸಾವಿರಾರು ವರ್ಷದ ಮುದುಕಿ ಕಣೇ. ಅವಳ ಮೇಲೂ ಹೊಟ್ಟೆಕಿಚ್ಚಾ ನಿನಗೆ?"

ಮೊದಲು ನಕ್ಕವಳು ಮೀನು ಮಾರುವವಳು. ಆಮೇಲೆ ಮಗಳು, ಗೋಡೆಗೆ ಹಣೆಯಿಟ್ಟುಕೊಂಡು. ಭೂತಗನ್ನಡಿಯ ಭುಜಗಳೂ ಅಲುಗಿದವು. ಅದು ನಗುವೋ ಬೇರೆಯೋ ಯಾರೂ ಬಗ್ಗಿ ನೋಡಲಿಲ್ಲ. ದೊಡ್ಡಕ್ಕ ನಗುನಗುತ್ತಲೇ ತಮ್ಮನ ಎದೆಯ ಮೇಲೆ, ಆ ಜೇಬಿನ ಮೇಲೆ ಹಣೆಯಿಟ್ಟಳು. ನಗು ನಿಂತ ಮೇಲೂ ಅವಳ ಬೆನ್ನು ಅಲುಗುತ್ತಲೇ ಇತ್ತು. ನಿನ್ನೆಯಿಂದ ಬಾರದೇ ಇದ್ದದ್ದು ಈಗ ಬಂತು. ಹೊಲಿಗೆಯಮ್ಮ ಪಕ್ಕದಲ್ಲಿ ಕೂತು ಆ ಬೆನ್ನಿನ ಮೇಲೆ ಕೈಯಿಟ್ಟಳು. ಯಾರೂ ಸಮಾಧಾನ ಹೇಳಲು ಹೋಗಲಿಲ್ಲ.

*

ವ್ಯಾನಿನೊಳಗೆ ಎರಡೂ ಬದಿಗೆ ಉದ್ದನೆಯ ಬೆಂಚುಗಳಿದ್ದವು. ನಡುವೆ ಮೇಷ್ಟ್ರು. ಮುಂದೆ ಚಾಲಕನ ಪಕ್ಕದಲ್ಲಿ ಮಗಳು ಕೂತು, ಗುಂಡಿಗಳು ಬಂದಲ್ಲೆಲ್ಲ ಮೆಲ್ಲಗೆ, ಮೆಲ್ಲಗೆ ಎನ್ನುತ್ತಿದ್ದಳು. ಎದುರಿನ ಬೆಂಚಿನಲ್ಲಿ ಭೂತಗನ್ನಡಿ ಕಿಟಕಿಯ ಹೊರಗೆ ನೋಡುತ್ತಾ ಕೂತಿದ್ದರು. ಮಾರುಕಟ್ಟೆಯ ಬೀದಿ ಬಂದಾಗ ವ್ಯಾನು ನಿಧಾನವಾಯಿತು. ಅಂಗಡಿಗಳ ಬಾಗಿಲು ಅರ್ಧ ಇಳಿದಿದ್ದವು.

ದೊಡ್ಡಕ್ಕನಿಗೆ ಅತ್ತು ಅತ್ತು ಜೊಂಪು ಹತ್ತಿತ್ತು. ತಲೆ ಹೊಲಿಗೆಯಮ್ಮನ ಭುಜಕ್ಕೆ ವಾಲಿಕೊಂಡಿತು. ಮಡಿಲಲ್ಲಿ ಬಿಗಿದುಕೊಂಡಿದ್ದ ಮುಷ್ಟಿ ನಿದ್ದೆಯಲ್ಲಿ ಸಡಿಲಾಗಿ, ಅಂಗೈ ಮೇಲುಮುಖವಾಗಿ ತೆರೆದುಕೊಂಡಿತು.

ಹೊಲಿಗೆಯಮ್ಮ ಅದನ್ನು ಆಗಲೇ ನೋಡಿದ್ದು. ಅಂಗೈಯ ಒಂದೊಂದು ಗೆರೆಯಲ್ಲೂ, ಹೆಬ್ಬೆರಳ ಸೀಳುಗಳಲ್ಲೂ, ಉಗುರುಗಳ ಸುತ್ತಲೂ ನಾಣ್ಯಗಳ ಕಿಲುಬಿನ ಹಸಿರುಗಪ್ಪು ಇಳಿದು ನಿಂತಿತ್ತು. ಸೋಪಿನಲ್ಲಿ ತೊಳೆದಿದ್ದಳು, ಹೋಗಿರಲಿಲ್ಲ. ಸಣ್ಣ ಸಣ್ಣ ಗೆರೆಗಳು ಕೂಡ, ಇಷ್ಟು ದಿನ ಇದ್ದವೆಂದೇ ಯಾರಿಗೂ ಗೊತ್ತಿರದ ಗೆರೆಗಳು ಕೂಡ, ಈಗ ಕೆತ್ತಿದ ಹಾಗೆ ಎದ್ದು ಕಾಣುತ್ತಿದ್ದವು.

ಅವಳು ಕರವಸ್ತ್ರ ತೆಗೆದು, ನೀರಿನ ಬಾಟಲಿಯಿಂದ ಅದರ ತುದಿಯನ್ನು ಒದ್ದೆ ಮಾಡಿಕೊಂಡಳು. ಆ ಕೈಯನ್ನು ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡಳು. ಒದ್ದೆ ಬಟ್ಟೆಯನ್ನು ಅಂಗೈಯ ಹತ್ತಿರಕ್ಕೆ ತಂದು, ಅಲ್ಲೇ ನಿಲ್ಲಿಸಿದಳು.

ಆಮೇಲೆ ಕರವಸ್ತ್ರವನ್ನು ಮಡಚಿ ಪಕ್ಕಕ್ಕಿಟ್ಟು, ಆ ಮುದಿ ಬೆರಳುಗಳನ್ನು ಒಂದೊಂದಾಗಿ ಒಳಕ್ಕೆ ಮಡಿಸಿ, ಮುಚ್ಚಿದ ಮುಷ್ಟಿಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡು ಕೂತಳು.